ಮನೆಯ ಪ್ಲಗ್ ಪಾಯಿಂಟ್ ಕೆಟ್ಟಾಗ: ದೋಷ ಪತ್ತೆಯ ಕ್ರಮ ಮತ್ತು ಮೂರನೆಯ ರಂಧ್ರದ ವಿಚಾರ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ
ಹನಗೋಡು ಹೋಬಳಿ, ಹುಣಸೂರು ತಾಲ್ಲೂಕು

ಮುಂಗಾರು ಹಿಡಿದು ನಾಲ್ಕು ದಿನ ಸುರಿಯಿತೆಂದರೆ ಹನಗೋಡು ಭಾಗದ ಗ್ರಾಮಗಳಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಅಹವಾಲುಗಳು ವಾರ್ಡಿನ ಸದಸ್ಯರ ಮನೆಬಾಗಿಲಿಗೆ ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎರಡು ಮಾತುಗಳಲ್ಲಿ ಅಡಕವಾಗಿರುತ್ತವೆ. ಒಂದು, "ಪ್ಲಗ್ಗಿಗೆ ಕರೆಂಟೇ ಬರ್ತಿಲ್ಲ" ಎಂಬುದು. ಇನ್ನೊಂದು, "ಗ್ರೈಂಡರ್ ಮುಟ್ಟಿದ್ರೆ ಜುಮ್ ಅಂತದೆ" ಎಂಬುದು. ಹೇಳುವವರ ದೃಷ್ಟಿಯಲ್ಲಿ ಮೊದಲನೆಯದೇ ದೊಡ್ಡ ತೊಂದರೆ, ಎರಡನೆಯದು ಸಣ್ಣ ಕಿರಿಕಿರಿ. ವಾಸ್ತವದಲ್ಲಿ ಸಂಗತಿ ಇದಕ್ಕೆ ತಿರುಗುಮುರುಗಾಗಿದೆ. ಕರೆಂಟು ಬಾರದ ಪ್ಲಗ್ ಪಾಯಿಂಟಿನಿಂದ ಹಲವೊಮ್ಮೆ ಕೆಲಸವಷ್ಟೇ ನಿಲ್ಲುತ್ತದೆ. ಜುಮ್ಮೆನ್ನಿಸುವ ಪ್ಲಗ್ ಪಾಯಿಂಟು ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರ ಪ್ರಾಣವನ್ನೇ ತೆಗೆಯಬಲ್ಲದು.

ಸದಸ್ಯರು ವಿದ್ಯುತ್ ಕೆಲಸಗಾರರಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ದೋಷವು ಕಂಬದಲ್ಲಿದೆಯೋ, ಮೀಟರಿನ ಬಳಿ ಇದೆಯೋ, ಮನೆಯೊಳಗಿದೆಯೋ ಎಂಬುದನ್ನು ಕೇಳಿ ತಿಳಿದು, ಯಾರನ್ನು ಕರೆಸಬೇಕು ಮತ್ತು ಅವರು ಬರುವವರೆಗೆ ಏನನ್ನು ಮಾಡಬಾರದು ಎಂದು ಹೇಳುವಷ್ಟು ತಿಳಿವಳಿಕೆ ಅವರಿಗೆ ಇರುವುದು ಅವಶ್ಯ.

ಒಂದು ಬಲ್ಬಿನಿಂದ ಆರಂಭವಾದ ಮನೆ

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ ಉತ್ಪಾದನೆ ಆರಂಭವಾಗಿ ಆ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದೇ ಕಾವೇರಿಗೆ ನೀರು ಕೂಡಿಸುವ ಲಕ್ಷ್ಮಣತೀರ್ಥದ ದಂಡೆಯ ಬಡ ಮನೆಗಳು ಮಾತ್ರ ಬೆಳಕಿಗಾಗಿ ಬಹುಕಾಲ ಕಾಯಬೇಕಾಯಿತು. 1979-80ರಲ್ಲಿ ರಾಜ್ಯದಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆಯೂ ತದನಂತರ ಬಂದ ಕುಟೀರ ಜ್ಯೋತಿ ಯೋಜನೆಯೂ ಇಂತಹ ಮನೆಗಳಿಗೆ ದೀಪ ನೀಡಿದವು. ಆ ಸಂಪರ್ಕದ ಉದ್ದೇಶ ಒಂದು ಬಲ್ಬು ಉರಿಯುವುದಷ್ಟೇ ಆಗಿತ್ತು. ಒಂದು ಬಲ್ಬಿಗೆ ಎರಡು ತಂತಿಗಳು ಸಾಕು.

ಆ ಬಳಿಕ ಮನೆಗಳು ಬೆಳೆದವು. ಬಲ್ಬಿನ ತಂತಿಯಿಂದಲೇ ಕವಲು ತೆಗೆದು ದೂರದರ್ಶನಕ್ಕೊಂದು ಬೋರ್ಡು, ಮೊಬೈಲ್ ಚಾರ್ಜಿಗೊಂದು, ಮಿಕ್ಸಿಗೊಂದು, ಹೊಗೆಸೊಪ್ಪಿನ ಬ್ಯಾರನ್ನಿನ ಕಡೆಗೆ ಒಂದು ಎಂದು ಎಳೆಯಲಾಯಿತು. 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಜಾರಿಗೆ ಬಂದಿದೆ. ಬಿಲ್ಲಿನ ಭಯ ಕಡಿಮೆಯಾದಾಗ ಮನೆಗೆ ಹೊಸ ಉಪಕರಣ ಸೇರುವುದು ಸಹಜ. ಅದು ಸಂತೋಷದ ವಿಷಯವೂ ಹೌದು. ಆದರೆ ಹಳೆಯ ಎರಡು ತಂತಿಗಳ ಮೇಲೆ ಮೂರು ರಂಧ್ರದ ಸಾಕೆಟ್ಟನ್ನು ಕೂರಿಸಿದ ಮನೆಗಳಲ್ಲಿ ಮೇಲಿನ ದೊಡ್ಡ ರಂಧ್ರದ ಹಿಂದೆ ಏನೂ ಇರುವುದಿಲ್ಲ. ನೋಡುವವರಿಗೆ ಸಾಕೆಟ್ಟು ಪೂರ್ಣವಾಗಿ ಕಾಣುತ್ತದೆ. ಈ ಪಾಠದ ಮುಖ್ಯ ವಿಷಯ ಆ ಖಾಲಿ ರಂಧ್ರವೇ.

ಸಾಕೆಟ್ಟಿನ ರಚನೆ

ಸಾಕೆಟ್ಟಿನ ಎದುರಿಗೆ ನಿಂತು ನೋಡಿದಾಗ ಬಲಗಡೆಯ ರಂಧ್ರ ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನ ದಪ್ಪ ರಂಧ್ರ ಭೂಸಂಪರ್ಕ ಅಂದರೆ ಅರ್ಥಿಂಗ್. ಫೇಸಿನಲ್ಲಿ ವಿದ್ಯುತ್ತು ಬರುತ್ತದೆ, ನ್ಯೂಟ್ರಲಿನಲ್ಲಿ ಮರಳುತ್ತದೆ. ಇವೆರಡರ ನಡುವಣ ಒತ್ತಡ 230 ವೋಲ್ಟ್. ಭೂಸಂಪರ್ಕದ ತಂತಿಯಲ್ಲಿ ಸುಸ್ಥಿತಿಯಲ್ಲಿರುವಾಗ ವಿದ್ಯುತ್ತು ಹರಿಯುವುದಿಲ್ಲ. ಉಪಕರಣದ ಒಳಗಿನ ಫೇಸ್ ತಂತಿಯು ಲೋಹದ ಮೈಗೆ ತಗುಲಿದಾಗ ಆ ವಿದ್ಯುತ್ತನ್ನು ಮನುಷ್ಯನ ದೇಹದ ಮೂಲಕ ಬಿಡದೆ ನೆಲಕ್ಕೆ ಒಯ್ಯುವುದೇ ಅದರ ಕೆಲಸ. ಪ್ಲಗ್ಗಿನ ಮೇಲಿನ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದಕ್ಕೂ ಇದೇ ಕಾರಣ. ಅದು ಎಲ್ಲಕ್ಕಿಂತ ಮೊದಲು ಸೇರಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು.

ಸ್ವಿಚ್ಚು ಯಾವಾಗಲೂ ಫೇಸ್ ತಂತಿಯಲ್ಲಿರಬೇಕು. ತಪ್ಪಿ ನ್ಯೂಟ್ರಲಿನಲ್ಲಿ ಕೂರಿಸಿದ್ದರೆ ಸ್ವಿಚ್ಚು ಆರಿಸಿದರೂ ಉಪಕರಣದ ಒಳಗೆ ಫೇಸ್ ಉಳಿದಿರುತ್ತದೆ; ಸ್ವಿಚ್ ಆರಿಸಿದ್ದೇನೆಂಬ ನಂಬಿಕೆಯಿಂದ ಕೈ ಹಾಕಿದವರಿಗೆ ಅಪಾಯ.

ದೋಷ ಎಲ್ಲಿದೆ ಎಂದು ಕೇಳಿ ತಿಳಿಯುವ ಕ್ರಮ

ಉದಾಹರಣೆಗಾಗಿ ಕಾಡಂಚಿನ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಡುಗೆಮನೆಯ ಪ್ಲಗ್ ಪಾಯಿಂಟಿನಲ್ಲಿ ಮಿಕ್ಸಿ ತಿರುಗುತ್ತಿಲ್ಲ ಎಂದು ಗೃಹಿಣಿ ಸದಸ್ಯರಿಗೆ ತಿಳಿಸುತ್ತಾರೆ. ಸದಸ್ಯರು ಮೊದಲು ಕೇಳಬೇಕಾದ್ದು, ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು. ಅಲ್ಲಿಯೂ ಇಲ್ಲವಾದರೆ ದೋಷ ಮಾರ್ಗದ್ದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912ಕ್ಕೆ ದೂರು ನೀಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪಕ್ಕದ ಮನೆಯಲ್ಲಿ ಇದ್ದು ಈ ಮನೆಯಲ್ಲಿ ಒಂದು ದೀಪವೂ ಉರಿಯದಿದ್ದರೆ ಮೇನ್ ಸ್ವಿಚ್ಚು, ಫ್ಯೂಸು ಅಥವಾ ಎಂ.ಸಿ.ಬಿ., ಮೀಟರು, ಕಂಬದಿಂದ ಬರುವ ಸರ್ವಿಸ್ ವೈರು ಇವುಗಳ ಕಡೆಗೆ ಗಮನ ಹರಿಸಬೇಕು. ಮೀಟರಿನವರೆಗಿನ ಹೊಣೆ ನಿಗಮದ್ದು, ಮೀಟರಿನಿಂದಾಚೆಯ ಒಳಜೋಡಣೆಯ ಹೊಣೆ ಮನೆಯವರದು. ಈ ಗೆರೆ ತಿಳಿಯದೆ ಪವರ್‌ಮ್ಯಾನ್‌ರೊಂದಿಗೆ ನಡೆಯುವ ವಾದಗಳಿಗೆ ಲೆಕ್ಕವಿಲ್ಲ.

ಇಲ್ಲಿ ಒಂದು ಅಪವಾದವನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಬೀದಿಯ ಕೆಲವು ಮನೆಗಳಲ್ಲಿ ಬಲ್ಬುಗಳು ಕಣ್ಣು ಕೋರೈಸುವಂತೆ ಉರಿದು ಸುಟ್ಟುಹೋಗುತ್ತಿದ್ದು, ಅದೇ ವೇಳೆಗೆ ಬೇರೆ ಮನೆಗಳಲ್ಲಿ ಮಂಕಾಗಿದ್ದರೆ ಮಾರ್ಗದ ನ್ಯೂಟ್ರಲ್ ತಂತಿ ಕಡಿದಿರುವ ಸಂಭವ ಹೆಚ್ಚು. ಆಗ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು 400ರ ಹತ್ತಿರದವರೆಗೂ ಒತ್ತಡ ಏರಬಹುದು. ಯಾರ ಸಾಕೆಟ್ಟಿನಲ್ಲಿ ಏನಾಗಿದೆ ಎಂದು ನೋಡುತ್ತಾ ಕೂರದೆ ಎಲ್ಲರೂ ಮೇನ್ ಸ್ವಿಚ್ ಆರಿಸಬೇಕು. ಸದಸ್ಯರು ಕೂಡಲೇ 1912ಕ್ಕೆ ತಿಳಿಸಬೇಕು.

ಮನೆಯಲ್ಲಿ ದೀಪಗಳಿದ್ದು ಆ ಒಂದು ಪಾಯಿಂಟು ಮಾತ್ರ ಕೆಲಸ ಮಾಡದಿದ್ದರೆ ಮಿಕ್ಸಿಯನ್ನು ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿ ನೋಡಬೇಕು. ಅಲ್ಲಿಯೂ ತಿರುಗದಿದ್ದರೆ ದೋಷ ಮಿಕ್ಸಿಯದು. ಅಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಸಾಕೆಟ್ಟು ಬದಲಿಸಿ ಹಣ ಕಳೆದುಕೊಂಡವರಿದ್ದಾರೆ. ಮಿಕ್ಸಿ ಅಲ್ಲಿ ತಿರುಗಿದರೆ ದೋಷ ಈ ಸಾಕೆಟ್ಟಿನದು ಅಥವಾ ಅದರ ತಂತಿಯದು. ಆಗ ಬೋರ್ಡನ್ನು ಬಿಚ್ಚುವ ಮೊದಲು ಕಣ್ಣು, ಮೂಗುಗಳಿಂದಲೇ ಸಾಕಷ್ಟು ತಿಳಿಯಬಹುದು. ರಂಧ್ರದ ಸುತ್ತ ಕಪ್ಪಾಗಿದೆಯೇ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದೆಯೇ, ಪ್ಲಗ್ಗು ಸಡಿಲವಾಗಿ ಅಲುಗಾಡುತ್ತದೆಯೇ, ಸ್ವಿಚ್ ಹಾಕಿದಾಗ ಚಟಪಟ ಸದ್ದು ಕೇಳುತ್ತದೆಯೇ ಎಂಬುದನ್ನು ನೋಡಬೇಕು. ಇವುಗಳಲ್ಲಿ ಒಂದಿದ್ದರೂ ಆ ಪಾಯಿಂಟಿನ ಬಳಕೆ ಅಲ್ಲಿಗೇ ನಿಲ್ಲತಕ್ಕದ್ದು.

ಮೊಬೈಲ್ ಚಾರ್ಜ್ ಆಗುತ್ತದೆ, ಆದರೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಎಲ್ಲವೂ ಮಂಕಾಗುತ್ತದೆ ಎಂಬ ದೂರು ಬಂದರೆ ಬಹುಪಾಲು ಎಲ್ಲೋ ಒಂದು ಕಡೆ ತಂತಿಯ ಜೋಡಣೆ ಸಡಿಲವಾಗಿದೆ ಎಂದರ್ಥ. ಸಣ್ಣ ವಿದ್ಯುತ್ತು ಸಡಿಲ ಜೋಡಣೆಯಲ್ಲಿಯೂ ನುಸುಳುತ್ತದೆ, ದೊಡ್ಡದು ಅಲ್ಲಿ ಶಾಖವಾಗಿ ಮಾರ್ಪಡುತ್ತದೆ. 2000 ವಾಟ್ ಗೀಸರು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಸ್ಕ್ರೂ ಒಂದರಲ್ಲಿ ಅರ್ಧ ಓಮ್ ರೋಧವಿದ್ದರೂ ಆ ಒಂದು ಬಿಂದುವಿನಲ್ಲಿ ಸುಮಾರು 38 ವಾಟ್ ಶಾಖ ಉಂಟಾಗುತ್ತದೆ. ಅದು ಬೆಸುಗೆ ಹಾಕುವ ಕಾವುಕಡ್ಡಿಯ ಶಾಖಕ್ಕೆ ಸಮ. ಅಂತಹ ಕಡ್ಡಿಯನ್ನು ಮರದ ಬೋರ್ಡಿನ ಹಿಂದೆ ಹಚ್ಚಿಟ್ಟು ಮಲಗಿದಂತೆ ಲೆಕ್ಕ.

ಸಾಕೆಟ್ಟಿನ ಸಾಮರ್ಥ್ಯವನ್ನೂ ಇದರೊಡನೆ ಪರಿಶೀಲಿಸಬೇಕು. ಚಿಕ್ಕ ಸಾಕೆಟ್ಟು 6 ಆಂಪಿಯರಿನದು, ಅಂದರೆ 1380 ವಾಟ್‌ವರೆಗೆ. ದೊಡ್ಡದು 16 ಆಂಪಿಯರಿನದು, 3680 ವಾಟ್‌ವರೆಗೆ. ಬಕೆಟ್ಟಿನಲ್ಲಿಟ್ಟು ನೀರು ಕಾಯಿಸುವ 1500 ವಾಟ್ ಹೀಟರ್ ಕಾಯಿಲು ಚಿಕ್ಕ ಸಾಕೆಟ್ಟಿನ ಮಿತಿಯನ್ನು ಮೀರುತ್ತದೆ. ಹಳೆಯ ತಂತಿಯ ಮೇಲೆ ದೊಡ್ಡ ಸಾಕೆಟ್ಟು ಕೂರಿಸುವುದೂ ಪರಿಹಾರವಲ್ಲ. 6 ಆಂಪಿಯರಿನ ಪಾಯಿಂಟಿಗೆ ಸಾಮಾನ್ಯವಾಗಿ 1.5 ಚದರ ಮಿ.ಮೀ. ತಾಮ್ರದ ತಂತಿಯನ್ನೂ, 16 ಆಂಪಿಯರಿನದಕ್ಕೆ 4 ಚದರ ಮಿ.ಮೀ. ತಂತಿಯನ್ನೂ ಮೇನ್ ಬೋರ್ಡಿನಿಂದ ಪ್ರತ್ಯೇಕವಾಗಿ ಎಳೆಯುವುದು ರೂಢಿ. ಪದೇಪದೇ ಫ್ಯೂಸು ಹೋಗುತ್ತದೆಂದು ಫ್ಯೂಸಿನಲ್ಲಿ ದಪ್ಪ ತಂತಿ ಸುತ್ತುವವರು ಫ್ಯೂಸು ಕೊಡುತ್ತಿದ್ದ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಿದ್ದಾರೆ, ಅಷ್ಟೆ. ಇನ್ನು ಮುಂದೆ ಕರಗುವುದು ಗೋಡೆಯೊಳಗಿನ ತಂತಿ.

ಟೆಸ್ಟರ್ ಹೇಳುವುದು ಅರ್ಧ ಸತ್ಯ

ಜೇಬಿನಲ್ಲಿ ಟೆಸ್ಟರ್ ಇರುವವರೆಲ್ಲರೂ ಊರಿನಲ್ಲಿ ಎಲೆಕ್ಟ್ರಿಷಿಯನ್‌ಗಳಾಗುತ್ತಾರೆ. ಟೆಸ್ಟರಿನ ದೀಪ ಬೆಳಗಿದರೆ ಆ ಬಿಂದುವಿನಲ್ಲಿ ಒತ್ತಡವಿದೆ ಎಂದಷ್ಟೇ ತಿಳಿಯುತ್ತದೆ. ನ್ಯೂಟ್ರಲ್ ಸರಿಯಿದೆಯೇ, ಭೂಸಂಪರ್ಕ ಇದೆಯೇ ಎಂಬುದನ್ನು ಅದು ಹೇಳಲಾರದು. ದೀಪ ಬೆಳಗಲಿಲ್ಲವೆಂದ ಮಾತ್ರಕ್ಕೆ ವಿದ್ಯುತ್ತಿಲ್ಲವೆಂದು ನಂಬುವುದಂತೂ ಸಲ್ಲದು, ಟೆಸ್ಟರೇ ಕೆಟ್ಟಿರಬಹುದು. ಉಪಕರಣ ಸಿಕ್ಕಿಸಿರುವಾಗ ಎಡ, ಬಲ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಬೆಳಗಿದರೆ ಅದು "ಡಬಲ್ ಕರೆಂಟು" ಬಂದದ್ದಲ್ಲ. ನ್ಯೂಟ್ರಲ್ ಎಲ್ಲಿಯೋ ಕಡಿದಿದ್ದು, ಫೇಸಿನ ಒತ್ತಡವು ಉಪಕರಣದ ಮೂಲಕ ಹಾದು ಆಚೆಯ ರಂಧ್ರದಲ್ಲಿ ಕಾಣಿಸಿಕೊಳ್ಳುತ್ತಿದೆ.

ಅನುಭವಿ ಕೆಲಸಗಾರರು ಬಲ್ಬು ಜೋಡಿಸಿದ ಟೆಸ್ಟ್ ಲ್ಯಾಂಪನ್ನು ಅಥವಾ ಮೀಟರನ್ನು ಬಳಸುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬು ಪೂರ್ಣವಾಗಿ ಉರಿದರೆ ಆ ಜೋಡಿ ಸರಿಯಿದೆ. ಅಲ್ಲಿ ಉರಿಯದೆ ಫೇಸ್ ಮತ್ತು ಭೂಸಂಪರ್ಕದ ನಡುವೆ ಉರಿದರೆ ನ್ಯೂಟ್ರಲ್ ಕಡಿದಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಉರಿದು ಫೇಸ್ ಮತ್ತು ಭೂಸಂಪರ್ಕದ ನಡುವೆ ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಮೂರನೆಯ ರಂಧ್ರ ಹೆಸರಿಗೆ ಮಾತ್ರ ಇದೆ. ಈ ಪರೀಕ್ಷೆಯನ್ನು ಅಧಿಕೃತ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಮಾಡಬೇಕೇ ಹೊರತು ಸದಸ್ಯರಾಗಲಿ ಮನೆಯವರಾಗಲಿ ಅಲ್ಲ. ಆದರೆ ಎಲೆಕ್ಟ್ರಿಷಿಯನ್ ಬಂದಾಗ "ಮೂರನೆಯದನ್ನು ಪರೀಕ್ಷಿಸಿದಿರಾ?" ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ.

ಸುಲಭ ಪರಿಹಾರಗಳ ಅಪಾಯ

ಜುಮ್ಮೆನ್ನುವ ಗ್ರೈಂಡರಿಗೆ ಊರಿನಲ್ಲಿ ಸಿಗುವ ಮೊದಲ ಸಲಹೆ ಪ್ಲಗ್ಗನ್ನು ತಿರುಗಿಸಿ ಹಾಕು, ಇಲ್ಲವೇ ಮರದ ಮಣೆಯ ಮೇಲೆ ನಿಂತು ಬಳಸು ಎಂಬುದು. ಎರಡನೆಯ ಸಲಹೆ ಇದಕ್ಕಿಂತ ಅಪಾಯಕಾರಿ: ಸಾಕೆಟ್ಟಿನ ಒಳಗೆ ನ್ಯೂಟ್ರಲಿನಿಂದ ಒಂದು ಚಿಕ್ಕ ತಂತಿಯನ್ನು ಭೂಸಂಪರ್ಕದ ಸ್ಕ್ರೂಗೆ ಜೋಡಿಸಿಬಿಡುವುದು. ಹೀಗೆ ಮಾಡಿದಾಗ ಜುಮ್ಮೆನ್ನುವುದು ಆ ಕ್ಷಣಕ್ಕೆ ನಿಲ್ಲುತ್ತದೆ, ಟೆಸ್ಟ್ ಲ್ಯಾಂಪೂ ಉರಿಯುತ್ತದೆ, ಮನೆಯವರು ಸಂತೋಷದಿಂದ ಕೂಲಿ ಕೊಡುತ್ತಾರೆ. ಮುಂದೊಂದು ದಿನ ಗಾಳಿಮಳೆಗೆ ಆ ಮನೆಯ ನ್ಯೂಟ್ರಲ್ ತಂತಿ ಕಡಿಯುತ್ತದೆ. ಆಗ ಉರಿಯುತ್ತಿದ್ದ ಬಲ್ಬಿನ ಅಥವಾ ಫ್ರಿಜ್ಜಿನ ಮೂಲಕ ಬಂದ ಫೇಸಿನ ಒತ್ತಡಕ್ಕೆ ಮರಳುವ ದಾರಿಯಿಲ್ಲದೆ ಆ ಚಿಕ್ಕ ತಂತಿಯ ಮೂಲಕ ಮನೆಯ ಪ್ರತಿಯೊಂದು ಲೋಹದ ಉಪಕರಣದ ಮೈಗೆ ಏರುತ್ತದೆ. ಉಪಕರಣಗಳಲ್ಲಿ ಒಂದೂ ಕೆಟ್ಟಿರುವುದಿಲ್ಲ, ಫ್ಯೂಸೂ ಹೋಗುವುದಿಲ್ಲ. ದೀಪ ಆರಿತೆಂದು ಕತ್ತಲೆಯಲ್ಲಿ ತಡವರಿಸುತ್ತಾ ಫ್ರಿಜ್ಜಿನ ಹಿಡಿಕೆಗೆ ಕೈಯಿಟ್ಟವರೇ ವಿದ್ಯುತ್ತಿಗೆ ದಾರಿಯಾಗುತ್ತಾರೆ. ಸಾಕೆಟ್ಟಿನೊಳಗಿನ ಎರಡು ಅಂಗುಲದ ಈ ತಂತಿಗಿಂತ ಖಾಲಿ ರಂಧ್ರವೇ ಮೇಲು ಎನ್ನಬೇಕಾಗುತ್ತದೆ.

ಇನ್ನೊಂದು ಪದ್ಧತಿ ನೇರವಾಗಿ ಪಂಚಾಯಿತಿಗೆ ಸಂಬಂಧಿಸಿದೆ. ಕುಡಿಯುವ ನೀರಿನ ನಲ್ಲಿಯ ಕಬ್ಬಿಣದ ಕೊಳವೆಗೆ ಭೂಸಂಪರ್ಕದ ತಂತಿಯನ್ನು ಸುತ್ತಿದ ಮನೆಗಳು ಹಿಂದೆ ಅನೇಕವಿದ್ದವು. ನೆಲದೊಳಗಿನ ಉದ್ದವಾದ ಜಿ.ಐ. ಕೊಳವೆ ಹೇಗೋ ಕೆಲಸ ನಡೆಸುತ್ತಿತ್ತು. ಹಳೆಯ ಕೊಳವೆಗಳನ್ನು ತೆಗೆದು ಪ್ಲಾಸ್ಟಿಕ್ ಕೊಳವೆ ಅಳವಡಿಸಿದ ಬೀದಿಗಳಲ್ಲಿ ಆ ಮನೆಗಳ ಭೂಸಂಪರ್ಕ ಅದೇ ದಿನ ಕಡಿದುಹೋಗಿದೆ. ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ಅಷ್ಟೇ ಅಲ್ಲ, ಉಳಿದ ಗಿಡ್ಡ ಕಬ್ಬಿಣದ ತುಂಡು ಮತ್ತು ನಲ್ಲಿಗೆ ಸೋರಿಕೆಯ ವಿದ್ಯುತ್ತು ಏರಿದರೆ ನೀರು ಹಿಡಿಯಲು ಬಂದವರಿಗೆ ಆಘಾತ ತಪ್ಪದು. ನೀರಿನ ಕೊಳವೆಯ ಕಾಮಗಾರಿ ನಡೆಯುವಾಗ ಯಾವ ಮನೆಯ ತಂತಿ ಕೊಳವೆಗೆ ಸುತ್ತಿದೆ ಎಂದು ನೀರುಗಂಟಿಯವರ ನೆರವಿನಿಂದ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಮಾಡುವವರು ಕಡಿಮೆ.

ಸರಿಯಾದ ಭೂಸಂಪರ್ಕಕ್ಕೆ ಗೋಡೆಯಿಂದ ಸುಮಾರು 1.5 ಮೀಟರ್ ದೂರದಲ್ಲಿ ಸುಮಾರು 2.5 ಮೀಟರ್ ಉದ್ದದ ಜಿ.ಐ. ಕೊಳವೆಯನ್ನು ನೆಲಕ್ಕಿಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಅಲ್ಲಿಂದ ಹಸಿರು ತಂತಿಯನ್ನು ಮೇನ್ ಬೋರ್ಡಿಗೂ ಪ್ರತಿಯೊಂದು ಸಾಕೆಟ್ಟಿಗೂ ಒಯ್ಯಬೇಕು. ಮಾಘ, ಫಾಲ್ಗುಣದ ನಂತರ ಇಲ್ಲಿಯ ಕೆಂಪು ಮಣ್ಣು ಒಣಗಿ ಗಟ್ಟಿಯಾದಾಗ ಗುಂಡಿಗೆ ಆಗಾಗ ನೀರು ಹುಯ್ಯದಿದ್ದರೆ ಅದರ ರೋಧ ಏರುತ್ತದೆ. ಲೆಕ್ಕ ಹೀಗಿದೆ: ವಿದ್ಯುತ್ತು ನೆಲದ ಮೂಲಕ ಮರಳುವ ದಾರಿಯ ಒಟ್ಟು ರೋಧ 5 ಓಮ್ ಇದ್ದರೆ ದೋಷ ಉಂಟಾದಾಗ 46 ಆಂಪಿಯರ್ ಹರಿದು ಫ್ಯೂಸು ಹೋಗುತ್ತದೆ. ಅದೇ ರೋಧ 100 ಓಮ್ ಆಗಿದ್ದರೆ ಹರಿಯುವುದು 2.3 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಯ ಬಳಕೆಗಿಂತಲೂ ಕಡಿಮೆ. ಫ್ಯೂಸು ಸುಮ್ಮನಿರುತ್ತದೆ, ಗ್ರೈಂಡರಿನ ಮೈ ಮಾತ್ರ ಜೀವಂತವಾಗಿ ಉಳಿಯುತ್ತದೆ.

ಈ ಕಾರಣದಿಂದ ಭೂಸಂಪರ್ಕದ ಜೊತೆಗೆ ಸೋರಿಕೆ ರಕ್ಷಕವನ್ನು, ಅಂದರೆ ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಿದರೆ ಕೊಡುವ ಸಾಧನವನ್ನು, ಮೇನ್ ಬೋರ್ಡಿನಲ್ಲಿ ಅಳವಡಿಸುವುದು ಅತ್ಯವಶ್ಯ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಇರುವ ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪುವುದರೊಳಗೆ ಅದು ಪೂರೈಕೆಯನ್ನು ಕಡಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಮುಟ್ಟಿದವರನ್ನು ಅದು ಕಾಪಾಡಲಾರದು ಎಂಬುದೂ ತಿಳಿದಿರಲಿ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. "ಮಳೆಗಾಲದಲ್ಲಿ ಪದೇಪದೇ ಬೀಳುತ್ತದೆ" ಎಂದು ಅದನ್ನೇ ಕಿತ್ತುಹಾಕಿಸುವವರಿದ್ದಾರೆ. ಬೀಳುವುದು ಅದರ ದೋಷವಲ್ಲ, ಎಲ್ಲೋ ಗೋಡೆ ನೆನೆದು ಸೋರುತ್ತಿದೆ ಎಂಬ ವರದಿ.

ಸೋರಿಕೆಯು ಮೀಟರಿನಲ್ಲಿಯೂ ಕಾಣುತ್ತದೆ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಮೇನ್ ಸ್ವಿಚ್ಚನ್ನು ಮಾತ್ರ ಹಾಕಿ ಮೀಟರಿನ ಮಿನುಗುವ ಕೆಂಪು ದೀಪವನ್ನು ಕೆಲವು ನಿಮಿಷ ಗಮನಿಸಬೇಕು. ಆಗಲೂ ಮಿನುಗುತ್ತಿದ್ದರೆ ಒಳಜೋಡಣೆಯಲ್ಲಿ ಸೋರಿಕೆಯಿರುವ ಸಂಭವವಿದೆ. 0.1 ಆಂಪಿಯರಿನಷ್ಟು ಸೋರಿಕೆ ಹಗಲಿರುಳು ಮುಂದುವರಿದರೆ ತಿಂಗಳಿಗೆ ಸುಮಾರು 16 ಯೂನಿಟ್ ವ್ಯರ್ಥವಾಗುತ್ತದೆ; ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಕುಟುಂಬಕ್ಕೆ ಅಷ್ಟೇ ಸಾಕು ಬಿಲ್ಲು ಬರಲು.

ಪಂಚಾಯಿತಿಯ ಸ್ವಂತ ಕಟ್ಟಡಗಳು

ಮನೆಯವರಿಗೆ ಹೇಳುವ ಮೊದಲು ಪಂಚಾಯಿತಿಯ ಕಚೇರಿ, ಗ್ರಂಥಾಲಯ, ಅಂಗನವಾಡಿ, ಶಾಲೆ, ನೀರಿನ ಪಂಪಿನ ಕೊಠಡಿ ಇವುಗಳ ಸಾಕೆಟ್ಟುಗಳನ್ನು ನೋಡುವುದು ಉಚಿತ. ಅಂಗನವಾಡಿಯಲ್ಲಿ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಸಾಕೆಟ್ಟು ಇರಕೂಡದು. ಇದ್ದರೆ ಮೇಲಕ್ಕೆ ಸರಿಸಬೇಕು ಅಥವಾ ರಂಧ್ರ ಮುಚ್ಚಿಕೊಳ್ಳುವ ಪರದೆಯುಳ್ಳ ಸಾಕೆಟ್ಟು ಹಾಕಿಸಬೇಕು. ಸಭೆ ಸಮಾರಂಭಗಳಲ್ಲಿ ಧ್ವನಿವರ್ಧಕದ ತಂತಿಯ ತುದಿ ಸುಲಿದು ನೇರವಾಗಿ ರಂಧ್ರಕ್ಕೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಪಂಚಾಯಿತಿಯ ಅಂಗಳದಲ್ಲಿಯೇ ಕಾಣಬಹುದು. ಅಲ್ಲಿ ಕುಳಿತವರೆಲ್ಲ ನೋಡುತ್ತಾರೆ, ಮನೆಗೆ ಹೋಗಿ ಹಾಗೆಯೇ ಮಾಡುತ್ತಾರೆ.

ದುರಸ್ತಿಯ ಬಿಲ್ಲನ್ನು ಅಂಗೀಕಾರಕ್ಕೆ ಮಂಡಿಸುವಾಗ "ಸ್ವಿಚ್ ಬೋರ್ಡ್ ದುರಸ್ತಿ" ಎಂಬ ಒಂದು ಸಾಲು ಸಾಲದು. ಎಲ್ಲಿ ದೋಷವಿತ್ತು, ಭೂಸಂಪರ್ಕದ ರೋಧ ಎಷ್ಟು ಓಮ್ ಬಂದಿತು, ಸೋರಿಕೆ ರಕ್ಷಕ ಕೆಲಸ ಮಾಡಿತೇ, ಬಳಸಿದ ತಂತಿ ಮತ್ತು ಸಾಕೆಟ್ಟುಗಳಿಗೆ ಐ.ಎಸ್.ಐ. ಗುರುತಿದೆಯೇ ಎಂಬುದನ್ನು ಕೆಲಸಗಾರರ ಪರವಾನಗಿ ಸಂಖ್ಯೆಯೊಂದಿಗೆ ಬರೆಸಿಕೊಳ್ಳಬೇಕು.

ಆಘಾತವಾದಾಗ

ವಿದ್ಯುತ್ತು ಹಿಡಿದವರನ್ನು ಬರಿಗೈಯಿಂದ ಎಳೆಯಲು ಹೋಗಿ ಎರಡನೆಯವರೂ ಸಾಯುವ ಪ್ರಸಂಗಗಳು ಒದಗುತ್ತವೆ. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣಗಿದ ಮರದ ದೊಣ್ಣೆಯಿಂದ ತಂತಿಯನ್ನು ದೂರ ತಳ್ಳಬೇಕು. ಇದು ಮನೆಯ ಒಳಜೋಡಣೆಗೆ ಮಾತ್ರ ಅನ್ವಯ. ಕಂಬದಿಂದ ಬಿದ್ದ ತಂತಿಯ ಬಳಿಗೆ ಯಾರೂ ಹೋಗಕೂಡದು, ನಿಗಮದವರು ಮಾರ್ಗ ನಿಲ್ಲಿಸುವವರೆಗೆ ಜನರನ್ನೂ ದನಕರುಗಳನ್ನೂ ದೂರವಿಡಬೇಕು. ಉಸಿರಾಟ ನಿಂತಿದ್ದರೆ ಬಲ್ಲವರು ತಡಮಾಡದೆ ಎದೆಯೊತ್ತುವಿಕೆ ಆರಂಭಿಸಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ತೋರಿಸುವುದು ಅವಶ್ಯ. ಹೃದಯದ ಬಡಿತ ಕೆಲವು ಗಂಟೆಗಳ ನಂತರವೂ ಏರುಪೇರಾಗಬಹುದು.

ಪ್ರಾಣಹಾನಿ ಅಥವಾ ಗಾಯ ಸಂಭವಿಸಿದ ವಿದ್ಯುತ್ ಅಪಘಾತವನ್ನು ವರದಿ ಮಾಡುವುದು ಮತ್ತು ಅದರ ವಿಚಾರಣೆ ನಡೆಸುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 161ನೇ ಪ್ರಕರಣದ ವಿಷಯ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯವು ಸ್ಥಳ ಪರಿಶೀಲಿಸುತ್ತದೆ. ಪರಿವೀಕ್ಷಕರು ಬರುವ ಮೊದಲೇ ಸುಟ್ಟ ಬೋರ್ಡನ್ನು ಕಿತ್ತೆಸೆದು ಗೋಡೆಗೆ ಸುಣ್ಣ ಬಳಿದಿದ್ದರೆ ದೋಷ ಮೀಟರಿನ ಯಾವ ಕಡೆಯದೆಂದು ನಿರ್ಧರಿಸಲು ಆಧಾರ ಉಳಿಯುವುದಿಲ್ಲ. ಆ ಕುಟುಂಬಕ್ಕೆ ಪರಿಹಾರ ದೊರೆಯುವುದೂ ಅದೇ ನಿರ್ಧಾರವನ್ನು ಅವಲಂಬಿಸಿರಬಹುದಾದ್ದರಿಂದ, ವಾರ್ಡಿನ ಸದಸ್ಯರು ಮೇನ್ ಸ್ವಿಚ್ ಆರಿಸಿಸಿ, ಬೋರ್ಡನ್ನು ಇದ್ದಂತೆಯೇ ಉಳಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ದಿನಾಂಕ ಮತ್ತು ವೇಳೆಯನ್ನು ಬರೆದಿಡತಕ್ಕದ್ದು.